ಬಿಸಿಲ ನಾಡಿನ ಬೈಕಿಗೆ ಗಾಳಿ ಎಷ್ಟಿರಬೇಕು?

ನಮ್ಮ ಕಡೆ ಪಂಚರ್ ಅಂಗಡಿಗೆ ಗಾಡಿ ತಂದು ನಿಲ್ಲಿಸಿದರೆ ಕೇಳುವುದು ಒಂದೇ ಮಾತು. "ಎಷ್ಟು ಹಾಕ್ಲಿ ಅಣ್ಣಾ?" ಹೇಳುವುದೂ ಒಂದೇ ಮಾತು. "ಮುಂದ ಮೂವತ್ತು, ಹಿಂದ ನಲವತ್ತು ಹಾಕು." ಗಾಡಿ ಯಾವುದು, ಹಿಂದೆ ಯಾರು ಕೂರುತ್ತಾರೆ, ಟಯರ್ ಕಾದಿದೆಯೋ ತಣ್ಣಗಿದೆಯೋ, ಇದನ್ನು ಇಬ್ಬರೂ ಕೇಳುವುದಿಲ್ಲ. ಸ್ಕೂಟಿ ಬಂದರೂ ಅದೇ ಅಂಕಿ, ಬುಲೆಟ್ ಬಂದರೂ ಅದೇ ಅಂಕಿ.

ನಾನಿರುವುದು ಗಂಗಾವತಿಯಲ್ಲಿ. ಬೀಜ, ಗೊಬ್ಬರದ ವ್ಯಾಪಾರ. ಕಾರಟಗಿ, ಸಿಂಧನೂರು, ಸಿರುಗುಪ್ಪ, ಕೆಲವೊಮ್ಮೆ ಬಳ್ಳಾರಿ ತನಕ ಬೈಕಿನಲ್ಲೇ ಓಡಾಟ. ಟಯರ್ ಗಾಳಿಯ ಬಗ್ಗೆ ನಾನು ತಲೆ ಕೆಡಿಸಿಕೊಂಡಿದ್ದು ಒಂದು ಮೇ ತಿಂಗಳ ಮಧ್ಯಾಹ್ನದ ನಂತರ. ಅವತ್ತು ಸಿಂಧನೂರಿನಿಂದ ವಾಪಸ್ ಬರುತ್ತಿದ್ದೆ. ಹಿಂದೆ ಭಾಮೈದ, ಅವನ ತೊಡೆ ಮೇಲೆ 25 ಕಿಲೋ ಅಕ್ಕಿ ಚೀಲ. ಊರು ದಾಟುವ ಮುಂಚೆ ಒಂದು ಅಂಗಡಿ ಮುಂದೆ ಗಾಳಿ ನೋಡಿಸೋಣ ಅಂತ ನಿಲ್ಲಿಸಿದೆ. ಹುಡುಗ ಟಯರ್ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. "ಭಾಳ ಕಾದೈತ್ರಿ. ಈ ಬಿಸ್ಲಾಗ ಒಡೀತೈತಿ. ಸ್ವಲ್ಪ ಬಿಡ್ಲೇನ್ರಿ?" ಬಿಡಪ್ಪ ಅಂದೆ. ಪುಸ್ ಅಂತ ಒಂದಷ್ಟು ಗಾಳಿ ಹೋಯಿತು.

ಕಾರಟಗಿ ದಾಟಿ ಸ್ವಲ್ಪ ದೂರ ಬರುವುದರೊಳಗೆ ಹಿಂದಿನ ಚಕ್ರವನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಅರವತ್ತರ ಸ್ಪೀಡು. ಬ್ರೇಕ್ ಒತ್ತದೆ, ಆಕ್ಸಲೇಟರ್ ಬಿಟ್ಟು, ಹೇಗೋ ಪಕ್ಕಕ್ಕೆ ತಂದೆ. ಇಬ್ಬರೂ ಬೀಳಲಿಲ್ಲ. ಬಿಸಿಲಲ್ಲಿ ಗಾಡಿ ನೂಕಿಕೊಂಡು ಹೋಗಿ ಸಿಕ್ಕ ಮೊದಲ ಅಂಗಡಿಯ ಚಾಚಾ ಹತ್ತಿರ ಚಕ್ರ ಬಿಚ್ಚಿಸಿದೆ. ಅವರು ನನ್ನನ್ನು ಹತ್ತಿರ ಕರೆದು ಎರಡು ವಿಷಯ ತೋರಿಸಿದರು. ಟ್ಯೂಬಿಗೆ ಗಾಳಿ ಹಾಕುವ ವಾಲ್ವ್ ನೆಟ್ಟಗೆ ನಿಂತಿರಲಿಲ್ಲ, ಓರೆಯಾಗಿ ಬಾಗಿತ್ತು, ಬುಡದಲ್ಲಿ ಹರಿದಿತ್ತು. ಟಯರಿನ ಒಳಗೆ ಬೆರಳಾಡಿಸಿದರೆ ಇದ್ದಿಲಿನಂಥ ಕಪ್ಪು ರಬ್ಬರ್ ಪುಡಿ. "ಇದು ಬಿಸ್ಲಿಗೆ ಹೋಗಿದ್ದಲ್ಲ ತಮ್ಮಾ. ಗಾಳಿ ಕಮ್ಮಿಯಾಗಿ ಟಯರ್ ರಿಮ್ ಮ್ಯಾಲೆ ಜಾರೈತಿ. ಜಾರುವಾಗ ಟ್ಯೂಬನ್ನೂ ಎಳಕೊಂಡು ಹೋಗೈತಿ," ಅಂದರು.

ಬಿಸಿಲಿಗೆ ಹೆದರಿ ಗಾಳಿ ಬಿಡುವುದು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ನಾನು ಕಂಡ ದೊಡ್ಡ ತಪ್ಪು. ಅದಕ್ಕೇ ಈ ಲೇಖನ. ಒಂದೊಂದೇ ಹೆಜ್ಜೆ ನೋಡೋಣ.

1. ಮೊದಲು ನಿಮ್ಮ ಗಾಡಿಯ ಅಂಕಿ ಹುಡುಕಿ

ಎಷ್ಟು ಗಾಳಿ ಬೇಕು ಅಂತ ಗಾಡಿ ತಯಾರಿಸಿದವರು ಗಾಡಿಯ ಮೇಲೇ ಬರೆದಿರುತ್ತಾರೆ. ಚೈನ್ ಕವರ್ ಮೇಲೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆ, ಇಲ್ಲವೇ ಸೀಟಿನ ಕೆಳಗೆ ಒಂದು ಸಣ್ಣ ಸ್ಟಿಕರ್ ಇರುತ್ತದೆ. ಧೂಳು, ಚೈನ್ ಎಣ್ಣೆ ಕೂತು ಕಾಣದೇ ಹೋಗಿರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಹೋಗಿಬಿಟ್ಟಿದ್ದರೆ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಪುಸ್ತಕವೂ ಇಲ್ಲ ಅಂದರೆ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್ಲಿನ ಪುಸ್ತಕ ಸಿಗುತ್ತದೆ.

ಸ್ಟಿಕರಿನಲ್ಲಿ ಸಾಮಾನ್ಯವಾಗಿ ಮೂರು ಅಂಕಿ ಇರುತ್ತವೆ. ಮುಂದಿನ ಚಕ್ರಕ್ಕೆ ಒಂದು. ಹಿಂದಿನ ಚಕ್ರಕ್ಕೆ ಎರಡು: ಒಬ್ಬರೇ ಇದ್ದಾಗ ಒಂದು, ಡಬಲ್ ಸೀಟ್ ಹೋಗುವಾಗ ಇನ್ನೊಂದು. ಉದಾಹರಣೆಗೆ ಪಲ್ಸರ್ 150ಕ್ಕೆ ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಆಕ್ಟಿವಾಗೆ ಮುಂದೆ 22, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36. ನೋಡಿ, ಎರಡಕ್ಕೂ ಎಷ್ಟು ವ್ಯತ್ಯಾಸ. ಮಾಡೆಲ್ ಬದಲಾದರೆ, ಟಯರಿನ ಅಳತೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹಾಗಾಗಿ ಇವನ್ನೇ ಹಿಡಿದುಕೊಳ್ಳಬೇಡಿ, ನಿಮ್ಮ ಗಾಡಿಯ ಸ್ಟಿಕರನ್ನೇ ನಂಬಿ. ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯ ಹುಡುಗ ಕೇಳಿದಾಗ ತೋರಿಸಲು ಬರುತ್ತದೆ.

ಕೆಲವು ಸ್ಟಿಕರಿನಲ್ಲಿ ಪಿಎಸ್‌ಐ ಬದಲು ಬೇರೆ ಲೆಕ್ಕ ಇರುತ್ತದೆ. ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಅಂತಿದ್ದರೆ 14.2ರಿಂದ ಗುಣಿಸಿ. 2.00 ಅಂತಿದ್ದರೆ 28 ಪಿಎಸ್‌ಐ, 2.25 ಅಂತಿದ್ದರೆ 32. ಕೆಪಿಎ (kPa) ಅಂತಿದ್ದರೆ 6.9ರಿಂದ ಭಾಗಿಸಿ. 200 ಕೆಪಿಎ ಅಂದರೆ 29.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಟಯರಿನ ಮಗ್ಗುಲಲ್ಲಿ ಅಚ್ಚು ಹಾಕಿದ ಅಕ್ಷರಗಳ ನಡುವೆಯೂ ಒಂದು ಪಿಎಸ್‌ಐ ಅಂಕಿ ಇರಬಹುದು. ಅದು ಆ ಟಯರ್ ತನ್ನ ಪೂರ್ತಿ ಭಾರ ಹೊರಲು ತಾಳುವ ಗರಿಷ್ಠ ಗಾಳಿ. ನಿಮ್ಮ ಗಾಡಿಗೆ ಹಾಕಬೇಕಾದ ಗಾಳಿ ಅಲ್ಲ. ಅದನ್ನೇ ಓದಿ ದಿನಾ 40ರ ಮೇಲೆ ಹೊಡೆಸುವವರನ್ನು ನಾನು ನೋಡಿದ್ದೇನೆ.

2. ನಿಮ್ಮದೇ ಒಂದು ಗೇಜ್ ಇರಲಿ

ಗೇಜ್ ಅಂದರೆ ಗಾಳಿ ಅಳೆಯುವ ಸಣ್ಣ ಮೀಟರ್, ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಪೆನ್ನಿನ ಥರದ್ದು, ಗಡಿಯಾರದ ಥರದ್ದು, ಡಿಜಿಟಲ್, ಯಾವುದಾದರೂ ಆದೀತು. ಬಿದ್ದು ಬಿದ್ದು ಹಾಳಾದ ಅಂಗಡಿ ಮೀಟರಿಗಿಂತ ಜೋಪಾನವಾಗಿಟ್ಟ ನಿಮ್ಮ ಮೀಟರ್ ವಾಸಿ. ಕೊಂಡ ಹೊಸದರಲ್ಲಿ ಒಂದೆರಡು ಕಡೆ ಬೇರೆ ಮೀಟರಿನ ಜೊತೆ ಹೋಲಿಸಿ ನೋಡಿ. ಆಮೇಲೆ ಯಾವಾಗಲೂ ಅದೇ ಒಂದರಲ್ಲೇ ನೋಡಿ.

ಹಿಡಿಯುವಾಗ ವಾಲ್ವಿಗೆ ನೇರವಾಗಿ, ಒಂದೇ ಸಲ ಗಟ್ಟಿಯಾಗಿ ಒತ್ತಬೇಕು. ಸುಸ್ ಅಂತ ಸದ್ದು ಬರುತ್ತಿದ್ದರೆ ಗಾಳಿ ಪಕ್ಕದಿಂದ ಹೋಗುತ್ತಿದೆ, ಅಂಕಿ ಸುಳ್ಳು. ತೆಗೆದು ಮತ್ತೆ ಒತ್ತಿ. ಎರಡು ಸಲ ಒಂದೇ ಅಂಕಿ ಬಂದರೆ ಅದು ಸರಿ.

3. ಬೆಳಗ್ಗೆ ಎದ್ದ ತಕ್ಷಣ ನೋಡಿ

ಸ್ಟಿಕರಿನ ಅಂಕಿ ತಣ್ಣಗಿರುವ ಟಯರಿಗೆ ಹೇಳಿದ್ದು. ತಣ್ಣಗೆ ಅಂದರೆ ಗಾಡಿ ಕನಿಷ್ಠ ಮೂರು ಗಂಟೆ ನೆರಳಲ್ಲಿ ನಿಂತಿರಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಇದಕ್ಕೆ ಸಿಗುವ ಹೊತ್ತು ಒಂದೇ, ಬೆಳಗ್ಗೆ ಆರರ ಸುಮಾರು. ಎಂಟು ಗಂಟೆ ಆಗಿಬಿಟ್ಟರೆ ಅಂಗಳದಲ್ಲಿ ನಿಂತ ಗಾಡಿಯ ಒಂದು ಟಯರಿಗೆ ಬಿಸಿಲು ಬಿದ್ದಿರುತ್ತದೆ, ಇನ್ನೊಂದು ನೆರಳಲ್ಲಿರುತ್ತದೆ. ಆಗ ಎರಡರ ಅಂಕಿಯನ್ನೂ ನಂಬಲು ಆಗುವುದಿಲ್ಲ.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ವಾಲ್ವ್ ಕೈಗೆ ಸಿಗುವ ಕಡೆ ಚಕ್ರ ತಿರುಗಿಸಿಕೊಳ್ಳಿ. ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ, ನೆಲದ ಮೇಲಿಟ್ಟರೆ ಅದು ಮತ್ತೆ ಸಿಗುವುದಿಲ್ಲ. ಮುಂದೆ, ಹಿಂದೆ ಎರಡೂ ನೋಡಿ ಅಂಕಿ ಬರೆದುಕೊಳ್ಳಿ.

ಇದೇ ಹೊತ್ತಿನಲ್ಲಿ ವಾಲ್ವ್ ಕಡೆ ಒಂದು ಸಲ ಕಣ್ಣು ಹಾಯಿಸಿ. ಟ್ಯೂಬ್ ಟಯರ್ ಆಗಿದ್ದರೆ ವಾಲ್ವ್ ಚಕ್ರದ ನಡುಭಾಗದ ಕಡೆಗೆ ನೆಟ್ಟಗೆ ನೋಡುತ್ತಿರಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ಟಯರ್ ರಿಮ್ಮಿನ ಮೇಲೆ ಜಾರಿದೆ ಅಂತ ಅರ್ಥ. ನನ್ನ ಗಾಡಿಯ ವಾಲ್ವ್ ಅವತ್ತು ಬೆಳಗ್ಗೆಯೇ ವಾಲಿತ್ತೋ ಏನೋ, ನಾನು ನೋಡಿರಲಿಲ್ಲ. ವಾಲಿದ್ದು ಕಂಡರೆ ಗಾಡಿ ದೂರ ಓಡಿಸಬೇಡಿ. ಪಂಚರ್ ಆಗಿರದಿದ್ದರೂ ಚಕ್ರ ಬಿಚ್ಚಿಸಿ ಟ್ಯೂಬ್ ಸರಿಯಾಗಿ ಕೂರಿಸಿ.

4. ಬಂಕ್ ದೂರ ಇದ್ದರೆ ಈ ಲೆಕ್ಕ ಮಾಡಿ

"ತಣ್ಣಗಿದ್ದಾಗ ಗಾಳಿ ಹಾಕಿಸು ಅಂತೀರಿ, ಬಂಕ್ ನಮ್ಮೂರಿಂದ ಎಂಟು ಕಿಲೋಮೀಟರ್ ಐತಲ್ರಿ?" ಅಂತ ನಮ್ಮ ಅಂಗಡಿಗೆ ಬರುವ ರೈತರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಹೋಗುವುದರೊಳಗೆ ಟಯರ್ ಕಾದಿರುತ್ತದೆ.

ಉಪಾಯ ಸರಳ. ಮನೆಯಲ್ಲಿ ತಣ್ಣಗಿದ್ದಾಗ ನೋಡಿದಿರಿ, 24 ಬಂತು ಅಂದುಕೊಳ್ಳಿ. ಬೇಕಾದ್ದು 28. ಅಂದರೆ 4 ಕಡಿಮೆ. ಈ 4 ನೆನಪಿಟ್ಟುಕೊಳ್ಳಿ. ಬಂಕಿಗೆ ಹೋದ ಮೇಲೆ ಮತ್ತೆ ನೋಡಿದರೆ ಟಯರ್ ಕಾದು 27 ತೋರಿಸಬಹುದು. ಆ 27ಕ್ಕೆ 4 ಸೇರಿಸಿ 31 ಹಾಕಿಸಿ. ಮಾರನೇ ದಿನ ಬೆಳಗ್ಗೆ ನೋಡಿ, 28ರ ಆಸುಪಾಸು ಬಂದಿರುತ್ತದೆ. ಅಲ್ಲೇ ಬಂಕಿನಲ್ಲಿ 28 ಹಾಕಿಸಿ ಸುಮ್ಮನಾಗಿದ್ದರೆ ಮಾರನೇ ಬೆಳಗ್ಗೆ 25 ಇರುತ್ತಿತ್ತು.

ಹಳ್ಳಿಯಲ್ಲಿರುವವರಿಗೆ ನಾನು ಹೇಳುವುದು ಕಾಲಿನಿಂದ ಒತ್ತುವ ಪಂಪ್. ಮನೆಯಲ್ಲೇ ಇದ್ದರೆ ಈ ಲೆಕ್ಕದ ಗೋಜೇ ಇಲ್ಲ. ಬೈಕಿನ ಟಯರಿಗೆ ನಾಲ್ಕು ಪಿಎಸ್‌ಐ ಏರಿಸಲು ದೊಡ್ಡ ಶ್ರಮವೇನೂ ಬೇಡ.

ಬಂಕಿನಲ್ಲಿ ಗಾಳಿ ಹಾಕುವ ಗನ್ನಿಗೇ ಮೀಟರ್ ಇದ್ದರೆ ಒಂದು ಎಚ್ಚರಿಕೆ. ಹಿಡಿ ಒತ್ತಿ ಹಿಡಿದಾಗ ಮುಳ್ಳು ಮೇಲೆ ಏರಿರುತ್ತದೆ. ಅದು ಪೈಪಿನ ಒತ್ತಡ, ಟಯರಿನದ್ದಲ್ಲ. ಹಿಡಿ ಬಿಟ್ಟ ಮೇಲೆ ಮುಳ್ಳು ಇಳಿದು ಎಲ್ಲಿ ನಿಲ್ಲುತ್ತದೋ ಅದೇ ನಿಜವಾದ ಅಂಕಿ. ಅವಸರದಲ್ಲಿ ಎಷ್ಟೋ ಹುಡುಗರು ಒತ್ತಿ ಹಿಡಿದಾಗಲೇ ನೋಡಿ ತೆಗೆದುಬಿಡುತ್ತಾರೆ. "ಒಂದ್ ಸಲ ಬಿಟ್ಟು ನೋಡಪ್ಪ" ಅಂತ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನೈಟ್ರೋಜನ್ ಬೇಕಾ ಅಂತಲೂ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ದಿನನಿತ್ಯದ ಬೈಕಿಗೆ ಸಾಮಾನ್ಯ ಗಾಳಿ ಸಾಕು. ಆ ದುಡ್ಡಿನಲ್ಲಿ ಗೇಜ್ ಕೊಳ್ಳಿ.

5. ಕಾದ ಟಯರಿನ ಗಾಳಿ ಬಿಡಬೇಡಿ

ನಮ್ಮ ಊರುಗಳಿಗೆ ಈ ಹೆಜ್ಜೆಯೇ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಮಧ್ಯಾಹ್ನ 42, 43 ಡಿಗ್ರಿ ಬಿಸಿಲು ಹೊಸದೇನಲ್ಲ. ಬಳ್ಳಾರಿಯೂ ಅಷ್ಟೇ. ಗಾಳಿಯೇ ಅಷ್ಟು ಕಾದಿರುವಾಗ ಕಪ್ಪು ಡಾಂಬರ್ ಇನ್ನೂ ಜಾಸ್ತಿ ಕಾದಿರುತ್ತದೆ. ಟಯರಿನ ಒಳಗಿನ ಗಾಳಿ ಕಾದಷ್ಟೂ ಒತ್ತಡ ಏರುತ್ತದೆ. ಅಂದಾಜು ಲೆಕ್ಕ ಹೇಳುವುದಾದರೆ, ಆರು ಡಿಗ್ರಿ ಏರಿದರೆ ಒಂದು ಪಿಎಸ್‌ಐ.

ನಾನೇ ಒಂದು ದಿನ ಅಳೆದು ನೋಡಿದ್ದೇನೆ. ಬೆಳಗ್ಗೆ ಆರಕ್ಕೆ ಹಿಂದಿನ ಟಯರ್ 28 ಇತ್ತು. ಸಿರುಗುಪ್ಪದಿಂದ ಬಳ್ಳಾರಿ ತನಕ ಎಲ್ಲೂ ನಿಲ್ಲಿಸದೆ ಓಡಿಸಿ, ಮಧ್ಯಾಹ್ನ ಒಂದೂವರೆಗೆ ಗಾಡಿ ನಿಲ್ಲಿಸಿ ಗೇಜ್ ಇಟ್ಟೆ. 33 ತೋರಿಸಿತು. ಮಾರನೇ ದಿನ ಬೆಳಗ್ಗೆ ಮತ್ತೆ 28. ಒಂದು ಹನಿ ಗಾಳಿ ಒಳಗೆ ಹೋಗಿರಲಿಲ್ಲ, ಹೊರಗೂ ಬಂದಿರಲಿಲ್ಲ.

ಕಂಪನಿಯವರು ತಣ್ಣಗಿರುವಾಗ 28 ಇರಲಿ ಅಂತ ಹೇಳುವಾಗ ಈ ಏರಿಕೆಯನ್ನು ಲೆಕ್ಕ ಹಿಡಿದೇ ಹೇಳಿರುತ್ತಾರೆ. ಒಳ್ಳೆಯ ಟಯರಿಗೆ ಐದು ಪಿಎಸ್‌ಐ ಏರಿದ್ದು ಏನೂ ಅಲ್ಲ. ಆ 33ನ್ನು ನೋಡಿ ಹೆದರಿ 28ಕ್ಕೆ ಇಳಿಸಿದಿರೋ, ರಾತ್ರಿ ತಣ್ಣಗಾದ ಮೇಲೆ ಅದು 23, 24ಕ್ಕೆ ಬಂದು ನಿಲ್ಲುತ್ತದೆ. ನಾನು ಮಾಡಿಸಿದ್ದೂ ಇದೇ ತಪ್ಪು. ಅದೂ ಹಿಂದೆ ಭಾಮೈದ, ಅಕ್ಕಿ ಚೀಲ ಇದ್ದಾಗ.

ಗಾಳಿ ಕಡಿಮೆ ಇದ್ದರೆ ಟಯರ್ ಯಾಕೆ ಹಾಳಾಗುತ್ತದೆ? ಒಂದು ತಂತಿ ತೆಗೆದುಕೊಂಡು ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿ, ಬಗ್ಗಿದ ಜಾಗ ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ ಅಲ್ವಾ? ಟಯರಿನ ಮಗ್ಗುಲಿಗೂ ಅದೇ ಆಗುವುದು. ಚಕ್ರ ಒಂದು ಸುತ್ತು ಸುತ್ತಿದಾಗಲೆಲ್ಲ ನೆಲಕ್ಕೆ ತಾಗುವ ಭಾಗ ಒಂದು ಸಲ ಮಡಚುತ್ತದೆ, ಒಂದು ಸಲ ಬಿಚ್ಚುತ್ತದೆ. ಗಾಳಿ ಸರಿಯಾಗಿದ್ದರೆ ಕೊಂಚವೇ ಮಡಚುತ್ತದೆ. ಕಡಿಮೆ ಇದ್ದರೆ ಪೂರ್ತಿ ಚಪ್ಪಟೆಯಾಗಿ ಮಡಚುತ್ತದೆ. ಆ ಬಿಸಿ ಮೇಲಿನ ಸೂರ್ಯನದ್ದಲ್ಲ, ಒಳಗಿನಿಂದಲೇ ಹುಟ್ಟಿದ್ದು. ಟ್ಯೂಬಿಗೂ ಟಯರಿಗೂ ಉಜ್ಜಾಟ ಶುರುವಾಗುತ್ತದೆ. ಚಾಚಾ ತೋರಿಸಿದ ಕಪ್ಪು ಪುಡಿ ಆ ಉಜ್ಜಾಟದ್ದು.

ಹಾಗಾದರೆ ಬೇಸಿಗೆಯಲ್ಲಿ ಟಯರ್ ಒಡೆಯುವುದೇ ಇಲ್ಲವೇ? ಒಡೆಯುತ್ತವೆ. ಹೆಚ್ಚಾಗಿ ಒಡೆಯುವುದು ಗಾಳಿ ಕಡಿಮೆ ಇದ್ದು ಭಾರ ಹೊತ್ತವು, ಮಗ್ಗುಲಲ್ಲಿ ಬಿರುಕು ಬಿಟ್ಟ ಹಳೇ ಟಯರ್‌ಗಳು, ಗುಂಡಿಗೆ ಬಿದ್ದು ಒಳಗೆ ನೂಲು ಹರಿದು ಗಂಟು ಎದ್ದವು. ಟಯರ್ ಎಷ್ಟು ಹಳೆಯದು ಅಂತ ತಿಳಿಯಲು ಮಗ್ಗುಲಲ್ಲಿ ನಾಲ್ಕು ಅಂಕಿ ಹುಡುಕಿ. 2321 ಅಂತಿದ್ದರೆ 2021ನೇ ವರ್ಷದ 23ನೇ ವಾರ ತಯಾರಾದದ್ದು. ನೆಲಕ್ಕೆ ತಾಗುವ ಬಟನ್ ಚೆನ್ನಾಗಿದ್ದರೂ ಬಿರುಕು ಕಂಡರೆ ಬೇಸಿಗೆಗೆ ಮುಂಚೆ ಬದಲಾಯಿಸಿ. ಗಾಳಿ ಕಡಿಮೆ ಮಾಡಿ ಹಳೇ ಟಯರನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

6. ಭಾರ ಬದಲಾದರೆ ಹಿಂದಿನ ಗಾಳಿಯೂ ಬದಲಾಗಬೇಕು

28 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಹತ್ತಿರ ಹತ್ತಿರ ಎರಡು ಕಿಲೋ ಒತ್ತಡ. ಒಬ್ಬರೇ ಕೂತಾಗ ನೂರು ಸಿಸಿ ಬೈಕಿನ ಹಿಂದಿನ ಚಕ್ರದ ಮೇಲೆ ಸುಮಾರು 100 ಕಿಲೋ ಭಾರ ಬೀಳುತ್ತದೆ ಅಂದುಕೊಳ್ಳಿ. ಆ ನೂರು ಕಿಲೋ ನೆಲಕ್ಕೆ ತಾಗಿ ನಿಲ್ಲುವುದು ಅಂದಾಜು 50 ಚದರ ಸೆಂಟಿಮೀಟರ್ ಜಾಗದಲ್ಲಿ. ನಿಮ್ಮ ಅಂಗೈಗಿಂತ ಚಿಕ್ಕದು. ಬ್ರೇಕ್, ತಿರುವು, ಮಳೆ, ಎಲ್ಲವನ್ನೂ ಇಷ್ಟೇ ಜಾಗ ನೋಡಿಕೊಳ್ಳಬೇಕು.

ಈಗ ಹಿಂದೆ ಒಬ್ಬರು ಕೂತರು. ಗಾಡಿ 110 ಕಿಲೋ, ಇಬ್ಬರು ಸೇರಿ 130 ಕಿಲೋ. ಅರ್ಧಕ್ಕಿಂತ ಜಾಸ್ತಿ, ಸುಮಾರು 150 ಕಿಲೋ, ಹಿಂದಿನ ಚಕ್ರದ ಮೇಲೆ. ಗಾಳಿ ಅಷ್ಟೇ ಇದ್ದರೆ ಟಯರ್ 75 ಚದರ ಸೆಂಟಿಮೀಟರ್ ಆಗುವ ತನಕ ಚಪ್ಪಟೆಯಾಗುತ್ತದೆ. ಮಡಚಾಟ ಜಾಸ್ತಿ, ಬಿಸಿ ಜಾಸ್ತಿ. ಗಾಳಿ ಏರಿಸಿದರೆ ಅದು ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಡಬಲ್ ಸೀಟಿಗೆ ಬೇರೆ ಅಂಕಿ ಕೊಟ್ಟಿರುವುದು ಇದಕ್ಕೇ. ಮುಂದಿನ ಚಕ್ರದ ಮೇಲೆ ಭಾರ ಅಷ್ಟೇನೂ ಏರುವುದಿಲ್ಲ, ಹಾಗಾಗಿ ಮುಂದಿನದ್ದು ಮುಟ್ಟುವುದು ಬೇಡ.

ದಿನಾ ಒಬ್ಬರೇ ಓಡಾಡಿ ವಾರಕ್ಕೊಮ್ಮೆ ಸಂತೆಗೆ ಇಬ್ಬರು ಹೋಗುವವರು ಏನು ಮಾಡಬೇಕು? ಐದಾರು ಕಿಲೋಮೀಟರ್ ಆದರೆ ಚಿಂತೆ ಇಲ್ಲ. ಹುಣ್ಣಿಮೆಗೆ ಹುಲಿಗಿಗೆ, ಅಂಜನಾದ್ರಿಗೆ ಅಂತ ಮನೆಯವರ ಜೊತೆ ದೂರ ಹೊರಟರೆ ಹಿಂದಿನ ದಿನವೇ ಏರಿಸಿಕೊಳ್ಳಿ. ವಾಪಸ್ ಬಂದ ಮಾರನೇ ಬೆಳಗ್ಗೆ, ತಣ್ಣಗಾದ ಮೇಲೆ, ಇಳಿಸಿ. ಹೆಚ್ಚು ದಿನ ಇಬ್ಬರೇ ಓಡಾಡುವವರು ಡಬಲ್ ಸೀಟಿನ ಅಂಕಿಯಲ್ಲೇ ಇಟ್ಟುಕೊಂಡರೆ ಸಾಕು.

ನಮ್ಮ ಅಂಗಡಿಯಿಂದ ಯೂರಿಯಾ ಒಯ್ಯುವವರಿಗೆ ನಾನು ಮುಖ ನೋಡಿ ಹೇಳುವ ಮಾತು ಇನ್ನೊಂದಿದೆ. ಒಂದು ಚೀಲ 45 ಕಿಲೋ. ಅದು ಹಿಂದೆ ಕಟ್ಟಿದರೆ ಪೂರ್ತಿ ಹಿಂದಿನ ಚಕ್ರಕ್ಕೇ. ಇಬ್ಬರು ಕೂತು ಒಂದು ಚೀಲ ಕಟ್ಟಿದರೆ 195 ಕಿಲೋ ಹತ್ತಿರ ಬಂತು. ಟಯರಿನ ಅಳತೆಯ ಪಕ್ಕದಲ್ಲಿ 54 ಪಿ ಅನ್ನುವಂಥ ಗುರುತು ಇರುತ್ತದೆ. 54 ಅಂದರೆ ಆ ಟಯರ್ ಹೊರುವ ಗರಿಷ್ಠ ಭಾರ 212 ಕಿಲೋ. 47 ಅಂತಿದ್ದರೆ 175 ಕಿಲೋ ಮಾತ್ರ. ಹಂಪ್ ಮೇಲೆ ಎಗರಿದಾಗ ಬೀಳುವ ಹೊಡೆತ ಇದರ ಮೇಲೆ. ಒಬ್ಬರು ಚೀಲ ತೆಗೆದುಕೊಂಡು ಹೋಗಿ, ಇನ್ನೊಬ್ಬರು ಬಸ್ಸಿಗೆ ಬರಲಿ. ಚೀಲ ಇದ್ದಾಗ ಹಿಂದಿನ ಗಾಳಿ ಡಬಲ್ ಸೀಟಿನ ಅಂಕಿಗೆ ಇರಲಿ. ತ್ರಿಬಲ್ ಸೀಟಿಗೆ ಯಾವ ಕಂಪನಿಯ ಸ್ಟಿಕರಿನಲ್ಲೂ ಅಂಕಿ ಇಲ್ಲ. ಗಾಳಿ ಏರಿಸಿ ಸರಿ ಮಾಡುವಂಥದ್ದಲ್ಲ ಅದು.

7. ಜಾಸ್ತಿ ಹಾಕಿದರೂ ಕಷ್ಟ

ಕಡಿಮೆ ಬೇಡ ಅಂತ 40 ಹೊಡೆಸಿದರೆ ಟಯರ್ ಕಲ್ಲಿನ ಹಾಗಾಗುತ್ತದೆ. ನಡುವೆ ಮಾತ್ರ ನೆಲಕ್ಕೆ ತಾಗುತ್ತದೆ, ನಡುವೆ ಮಾತ್ರ ಸವೆಯುತ್ತದೆ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಯ ಅಂಚಿನಲ್ಲಿ ಸಣ್ಣ ಜಲ್ಲಿ, ಕೆಂಪು ಧೂಳು ಹರಡಿರುತ್ತದೆ. ಲಾರಿಗೆ ದಾರಿ ಬಿಡಲು ಪಕ್ಕಕ್ಕೆ ಇಳಿದಾಗ ಮುಂದಿನ ಟಯರಿನಲ್ಲಿ ಗಾಳಿ ಜಾಸ್ತಿ ಇದ್ದರೆ ಜಲ್ಲಿ ಮೇಲೆ ಹಿಡಿತವೇ ಸಿಗುವುದಿಲ್ಲ. ಮುಂದಿನ ಚಕ್ರ ಜಾರಿದರೆ ಸಂಭಾಳಿಸುವುದು ಕಷ್ಟ. ಬೆನ್ನು, ಸೊಂಟ ನೋವು ಅನ್ನುವವರೂ ಒಂದು ಸಲ ಮುಂದಿನ ಗಾಳಿ ನೋಡಿಸಿ. ಎಷ್ಟೋ ಸಲ ಶಾಕ್ ಅಬ್ಸಾರ್ಬರ್ ತಪ್ಪೇ ಇರುವುದಿಲ್ಲ.

ಮಳೆಗಾಲದಲ್ಲಿ ಎರೆ ಹೊಲದ ದಾರಿಗೆ ಗಾಳಿ ಇಳಿಸಬೇಕು ಅನ್ನುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎರೆ ಮಣ್ಣು ಒದ್ದೆಯಾದರೆ ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಚಕ್ರವೇ ತಿರುಗುವುದಿಲ್ಲ, ಅಲ್ಲಿ ಗಾಳಿಯ ಆಟ ನಡೆಯುವುದಿಲ್ಲ. ಇಳಿಸಿದ ಗಾಳಿಯಲ್ಲೇ ಡಾಂಬರ್ ರಸ್ತೆಗೆ ಬಂದು ಎಪ್ಪತ್ತರಲ್ಲಿ ಓಡಿಸುವುದು ಮಾತ್ರ ಖಚಿತ. ಗಾಡಿಯನ್ನು ರಸ್ತೆ ಪಕ್ಕ ಬಿಟ್ಟು ನಡೆದು ಹೋಗಿ.

8. ಅಮಾವಾಸ್ಯೆ, ಹುಣ್ಣಿಮೆ ಲೆಕ್ಕ ಇಟ್ಟುಕೊಳ್ಳಿ

ಏನೂ ಪಂಚರ್ ಆಗದಿದ್ದರೂ ಗಾಳಿ ಸ್ವಲ್ಪ ಸ್ವಲ್ಪವೇ ಇಳಿಯುತ್ತಿರುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಲೇಬೇಕು. ತಾರೀಖು ನೆನಪಿರುವುದಿಲ್ಲ ಅನ್ನುವವರಿಗೆ ನಮ್ಮ ಕಡೆ ಒಂದು ಅನುಕೂಲ ಇದೆ. ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಹೇಗೂ ಚಕ್ರದ ಮುಂದೆ ಕೂತಿರುತ್ತೀರಿ. ತೊಳೆಯುವ ಮುಂಚೆ ಗೇಜ್ ಇಟ್ಟು ನೋಡಿ. ಹುಣ್ಣಿಮೆ ದಿನ ಇನ್ನೊಂದು ಸಲ. ಹದಿನೈದು ದಿನದ ಲೆಕ್ಕ ತಾನಾಗಿ ಕೂಡುತ್ತದೆ.

ಡಿಸೆಂಬರ್ ಹೊತ್ತಿಗೆ ಬೆಳಗಿನ ಚಳಿಗೆ ಗಾಳಿ ಇನ್ನೂ ಎರಡು ಪಿಎಸ್‌ಐ ಇಳಿದಿರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಡುವ ಮುಂಚೆ ಒಂದು ಸಲ ನೋಡಿಕೊಳ್ಳಿ.

ಮುಚ್ಚಳ ಮರೆಯಬೇಡಿ. ಅದಿರಿನ ಧೂಳು, ಎರೆ ಧೂಳು ವಾಲ್ವಿನೊಳಗೆ ಗಾಳಿ ತಡೆಯುವ ಪಿನ್ನಿನಲ್ಲಿ ಕೂತರೆ ಅದು ಪೂರ್ತಿ ಮುಚ್ಚುವುದಿಲ್ಲ, ಗಾಳಿ ನಿಧಾನವಾಗಿ ಸೋರುತ್ತದೆ. ಪಿನ್ ಸೋರುತ್ತಿದೆಯೇ ಅಂತ ನೋಡಲು ಬೆರಳಿನಿಂದ ಒಂದಿಷ್ಟು ಸಾಬೂನು ನೀರು ವಾಲ್ವಿನ ಬಾಯಿಗೆ ಹಚ್ಚಿ. ಗುಳ್ಳೆ ಎದ್ದರೆ ಪಿನ್ ಬದಲಾಯಿಸಬೇಕು. ತುಂಬಾ ಕಡಿಮೆ ದುಡ್ಡಿನ ಕೆಲಸ.

9. ಗಾಳಿ ಬೇಗ ಇಳಿದರೆ ಮುಳ್ಳು ಹುಡುಕಿ

ಸರಿಯಾಗಿ ಹಾಕಿಸಿದ ಗಾಳಿ ಒಂದೆರಡು ದಿನದಲ್ಲೇ ಎರಡು ಮೂರು ಪಿಎಸ್‌ಐ ಇಳಿದಿದ್ದರೆ, ಪಿನ್ನೂ ಸರಿ ಇದ್ದರೆ, ಎಲ್ಲೋ ಮುಳ್ಳಿದೆ. ನಮ್ಮ ಕಡೆ ಅದು ಬಹುಪಾಲು ಬಳ್ಳಾರಿ ಜಾಲಿಯ ಮುಳ್ಳು. ಮರಕ್ಕೇ ಊರಿನ ಹೆಸರು ಬಂದಿದೆ ಅಂದ ಮೇಲೆ ಎಷ್ಟು ಬೆಳೆದಿದೆ ಅಂತ ಬೇರೆ ಹೇಳಬೇಕಿಲ್ಲ. ಹಳ್ಳದ ದಂಡೆ, ಕಾಲುವೆ ಏರಿ, ರಸ್ತೆ ಬದಿ, ಎಲ್ಲ ಕಡೆ ಇದೆ. ಕಟ್ಟಿಗೆ ಕಡಿದು ಸಾಗಿಸಿದ ದಾರಿಯಲ್ಲಂತೂ ಒಣಗಿದ ಮುಳ್ಳು ಚೆಲ್ಲಿರುತ್ತದೆ. ಚಪ್ಪಲಿ ತೂರಿ ಬರುವ ಮುಳ್ಳು ಅದು.

ಟ್ಯೂಬ್‌ಲೆಸ್ ಟಯರಿನಲ್ಲಿ ಮುಳ್ಳು ಚುಚ್ಚಿದ ಜಾಗದಲ್ಲೇ ಬಿರಡೆಯ ಹಾಗೆ ಕೂತುಬಿಡುತ್ತದೆ. ಗಾಡಿ ವಾರಗಟ್ಟಲೆ ಓಡುತ್ತದೆ, ಗಾಳಿ ದಿನಾ ಸ್ವಲ್ಪ ಇಳಿಯುತ್ತದೆ. ಮೇಲಿನಿಂದ ನೋಡಿದರೆ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಸಾಬೂನು ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಸಿಕ್ಕಿದರೆ ಅಲ್ಲೇ ಕೀಳಬೇಡಿ, ಕಿತ್ತ ತಕ್ಷಣ ಗಾಳಿ ಪೂರ್ತಿ ಹೋಗುತ್ತದೆ. ಗಾಳಿ ತುಂಬಿಸಿಕೊಂಡು ಅಂಗಡಿಗೆ ಹೋಗಿ ಅಲ್ಲಿ ಕೀಳಿಸಿ ಮುಚ್ಚಿಸಿ.

ಟ್ಯೂಬ್ ಟಯರ್ ಆದರೆ ಪ್ಯಾಚ್ ಹಾಕಿದರೆ ಕೆಲಸ ಮುಗಿಯಲಿಲ್ಲ. ಜಾಲಿ ಮುಳ್ಳು ಮುರಿದು ತುದಿ ಮಾತ್ರ ಟಯರಿನೊಳಗೆ ಉಳಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಅದೇ ಟಯರಿಗೆ ಅದೇ ಟ್ಯೂಬ್ ಹಾಕಿದರೆ ಸಂಜೆಯೊಳಗೆ ಮತ್ತೆ ಪಂಚರ್. ನಮ್ಮ ಚಾಚಾ ಬರಿಗೈ ಹಾಕುವುದಿಲ್ಲ, ಹಳೇ ಬನಿಯನ್ ತುಂಡು ತೆಗೆದುಕೊಂಡು ಟಯರಿನ ಒಳಗೆ ಒಂದು ಸುತ್ತು ಒರೆಸುತ್ತಾರೆ. ಬಟ್ಟೆಯ ನೂಲು ಎಲ್ಲಿ ಸಿಕ್ಕಿಕೊಂಡು ಎಳೆಯುತ್ತದೋ ಅಲ್ಲಿ ನಿಲ್ಲಿಸಿ, ಇಕ್ಕಳದಿಂದ ಒತ್ತಿ ಹಿಡಿದು ಎಳೆಯುತ್ತಾರೆ. ಅಕ್ಕಿ ಕಾಳಿನಷ್ಟು ಕಂದು ಚೂರು ಹೊರಗೆ ಬರುತ್ತದೆ. ಆ ಚೂರು ಕೈಗೆ ಬರುವ ತನಕ ಟಯರ್ ಮುಚ್ಚಲು ಬಿಡಬೇಡಿ.